ಅರವತ್ತೊಂಬತ್ತನೆಯ ಮಣಿ

“ಅಮ್ಮಾ, ಸ್ವೆಟರ್ ದೊಡ್ಡಮ್ಮ ಯಾಕೆ ನನ್ನ ಉಸಿರು ಎಣಿಸ್ತಾರೆ?”

ಚೋಟು ಇದನ್ನು ಕೇಳಿದ್ದು ಮಂಗಳವಾರ ಸಂಜೆ. ಶಾಲೆಯಿಂದ ಬಂದವಳು ಒಂದು ಶೂ ಬಿಚ್ಚಿ ಮೂಲೆಗೆಸೆದು, ಇನ್ನೊಂದನ್ನು ಬಿಚ್ಚಿಸಿಕೊಳ್ಳಲು ಅಮ್ಮನ ಮಡಿಲಿಗೆ ಕಾಲು ಚಾಚಿದ್ದಳು. ಲೇಸು ಕಗ್ಗಂಟಾಗಿತ್ತು. ಅಮ್ಮನ ಬೆರಳುಗಳು ಗಂಟಿನ ಮೇಲೆಯೇ ನಿಂತುಬಿಟ್ಟವು.

“ಎಣಿಸ್ತಾರೆ ಅಂತ ನಿಂಗೆ ಯಾರು ಹೇಳಿದ್ರು?”

“ಯಾರೂ ಹೇಳಿಲ್ಲ. ಮೆಟ್ಟಿಲ ಹತ್ರ ನಿಲ್ಲಿಸ್ಕೋತಾರೆ. ಮಾತಾಡಬೇಡ ಅಂತಾರೆ. ಗಡಿಯಾರ ನೋಡ್ತಾ ಬಾಯಲ್ಲೇ ಒಂದು, ಎರಡು ಅಂತಾರೆ. ಆಮೇಲೆ ಪೆನ್ನಲ್ಲಿ ಅಂಗೈ ಮೇಲೆ ಬರ್ಕೋತಾರೆ. ನಿನ್ನೆ ಇಪ್ಪತ್ನಾಲ್ಕು, ಇವತ್ತು ಇಪ್ಪತ್ತಾರು. ಜಾಸ್ತಿ ಬಂದ್ರೆ ನಾನು ಗೆದ್ದೆ, ಅಲ್ವಾ?”

ಹುಟ್ಟಿದಾಗ ಚೋಟುದ್ದ ಇದ್ದಳೆಂದು ಹೆರಿಗೆ ವಾರ್ಡಿನ ನರ್ಸ್ ಕರೆದ ಹೆಸರು, ಐದು ವರ್ಷ ತುಂಬಿದರೂ ಮಗುವನ್ನು ಬಿಟ್ಟಿರಲಿಲ್ಲ. ಮೈ ತೆಳ್ಳಗೆ, ಬಾಯಿ ಜೋರು. ಕೈಕೊಡುತ್ತಿದ್ದದ್ದು ಎದೆಯೊಂದೇ. ದೂಳು, ಬೆಕ್ಕಿನ ಕೂದಲು, ಯಾರದೋ ಮನೆಯ ಹಳೆಯ ಹಾಸಿಗೆ, ಯಾವುದಾದರೂ ಒಂದು ಸಾಕು, ಎದೆಯೊಳಗೆ ಯಾರೋ ಪೀಪಿ ಊದಿದಂತೆ ಸದ್ದು ಶುರು. ಬೆಳಿಗ್ಗೆ ಎರಡು, ಸಂಜೆ ಎರಡು ಸಲ ಇನ್‌ಹೇಲರ್ ಎಳೆದರೆ ಪೀಪಿ ಸುಮ್ಮನಿರುತ್ತಿತ್ತು. ಹಾಗೆಂದು ಅದರ ಭರವಸೆಯ ಮೇಲೆ ಯಾವ ತಾಯಿಯೂ ಕಣ್ತುಂಬ ನಿದ್ದೆ ಮಾಡುವುದಿಲ್ಲ. ಚೋಟುವಿನ ಅಮ್ಮನೂ ಮಾಡುತ್ತಿರಲಿಲ್ಲ.

ಈಗ ಮಗು ಉಸಿರಿನ ಲೆಕ್ಕ ಒಪ್ಪಿಸುತ್ತಿತ್ತು. ಅದೂ ಬೇರೆಯವರು ಬರೆದಿಟ್ಟುಕೊಂಡ ಲೆಕ್ಕ.

ಸ್ವೆಟರ್ ದೊಡ್ಡಮ್ಮ ಕೆಳಮನೆಯವರು. ರಕ್ತಸಂಬಂಧವೇನೂ ಇಲ್ಲ. ಒಂದೇ ಮೆಟ್ಟಿಲು, ಒಂದೇ ನೀರಿನ ಟ್ಯಾಂಕು, ಒಂದೇ ಗೇಟು ಹಂಚಿಕೊಂಡು ಹುಟ್ಟಿದ ನಂಟು. ಮಗು ಅವರನ್ನು ದೊಡ್ಡಮ್ಮ ಎಂದಿತು, ತಾಯಿ ಅಕ್ಕ ಎಂದಳು, ಅಷ್ಟೇ. ಸೆಕೆಗೆ ಬೀದಿಯ ಜನರೆಲ್ಲ ಬೆವರೊರೆಸಿಕೊಂಡು ಓಡಾಡುವಾಗಲೂ ಅವರ ಮೈಮೇಲೆ ಕಂದು ಬಣ್ಣದ ಉಣ್ಣೆಯ ಸ್ವೆಟರ್. ಬೀದಿಯ ಕೊನೆಯಲ್ಲಿ, ಟೈರ್ ಅಂಗಡಿಯ ಹಿಂದೆ, ಕಿಟಕಿ ಗಾಜಿಗೆಲ್ಲ ಬಿಳಿ ಬಣ್ಣ ಬಳಿದ ಒಂದು ಲ್ಯಾಬ್ ಕಟ್ಟಡವಿದೆ. ಅದರ ಎರಡನೆಯ ಮಹಡಿಯಲ್ಲಿ ಸದಾ ನಾಲ್ಕು ಡಿಗ್ರಿಯಲ್ಲಿರುವ ಒಂದು ಕೋಣೆ. ದೊಡ್ಡಮ್ಮ ಅದರೊಳಗೆ ಇಪ್ಪತ್ತೊಂಬತ್ತು ವರ್ಷ ಸವೆಸಿದ್ದಾರೆ. “ಥಂಡಿ ನನ್ನ ಮೂಳೆಗೆ ಬಾಡಿಗೆಗೆ ಅಂತ ಬಂತು ಕಣೇ, ಈಗ ಮನೇನೇ ಬರೆಸ್ಕೊಂಡುಬಿಟ್ಟಿದೆ” ಎಂದು ನಗುತ್ತಿದ್ದರು.

ಇಪ್ಪತ್ತೆರಡನೆಯ ವಯಸ್ಸಿಗೆ ಗಾಜಿನ ಬಾಟಲಿ ತೊಳೆಯಲು ಸೇರಿದವರು ಅವರು. ತೊಳೆಯುತ್ತಾ ತೊಳೆಯುತ್ತಾ ಇದರೊಳಗೆ ಏನಿತ್ತು, ಅದರೊಳಗೆ ಏನಿತ್ತು ಎಂದು ಕೇಳತೊಡಗಿದರು. ಹಾಗೆ ತಲೆ ತಿಂದದ್ದಕ್ಕೆ ಬೇಸತ್ತ ಹಿರಿಯ ವಿಜ್ಞಾನಿಯೊಬ್ಬರು “ತಗೋ, ನೀನೇ ಮಾಡಿ ನೋಡು” ಎಂದು ಪೈಪೆಟ್ಟನ್ನು ಕೈಗಿತ್ತರು. ಅಂದು ಹಿಡಿದದ್ದನ್ನು ಇಂದಿಗೂ ಕೆಳಗಿಟ್ಟಿಲ್ಲ. ಡಿಗ್ರಿಯಿಲ್ಲ, ಆದರೆ ಬ್ಯಾಕ್ಟೀರಿಯಾ ಬೆಳೆಸಿದ ಫ್ಲಾಸ್ಕಿನ ಮುಚ್ಚಳ ತೆಗೆದು ಒಮ್ಮೆ ಮೂಸಿದರೆ ಸಾಕು, ಹದವಾಗಿದೆಯೋ ಕೆಟ್ಟಿದೆಯೋ ಹೇಳಿಬಿಡುತ್ತಿದ್ದರು. ಆ ಕೆಲಸ ಅವರ ಹಿಂದೆಯೇ ಮನೆಗೂ ಬಂದಿತ್ತು. ಅಡುಗೆಮನೆಯ ಸಕ್ಕರೆ ಡಬ್ಬಿಯ ಮೇಲೆ ಚೀಟಿ: ತುಂಬಿದ ದಿನ, ತೆರೆದ ದಿನ, ಸಹಿ. ಉಪ್ಪಿಗೂ ಅದೇ ಮರ್ಯಾದೆ. ಯಾವ ಡಬ್ಬಿಯನ್ನು ತೆರೆಯುವ ಮೊದಲೂ ಮೇಜಿನ ಮೇಲೆ ಮೂರು ಸಲ ಕುಟ್ಟುತ್ತಿದ್ದರು. “ನಮ್ಮ ಸರಕು ಕಣ್ಣಿಗೆ ಕಾಣಲ್ಲ. ಮುಚ್ಚಳಕ್ಕೆ ಅಂಟಿದ್ರೆ ಮುಚ್ಚಳದ ಜೊತೆ ಕಸಕ್ಕೆ ಹೋಗುತ್ತೆ. ಕುಟ್ಟಿ ಕುಟ್ಟಿ ಕೈಗೆ ಚಟ ಹತ್ತಿದೆ.”

ಆ ಸರಕು ಯಾವುದೆಂದು ಚೋಟುವಿನ ಅಮ್ಮ ಕಂಡದ್ದು ಒಂದು ರಜೆಯ ದಿನ, ದೊಡ್ಡಮ್ಮ ಅವಳನ್ನು ಲ್ಯಾಬಿನೊಳಗೆ ಕರೆದೊಯ್ದಾಗ. ಬೆರಳಿನ ಗೆಣ್ಣಿನಷ್ಟು ಸೀಸೆ. ಬೆಳಕಿಗೆ ಹಿಡಿದರೆ ಖಾಲಿ.

“ಇದರಲ್ಲಿ ಏನೂ ಇಲ್ವಲ್ಲ ಅಕ್ಕಾ.”

“ಹತ್ತು ದಿನದ ದುಡಿಮೆ ಇದೆ. ಕೀಮೋಕೈನ್ ಅಂತ, ಒಂದು ಪ್ರೋಟೀನ್. ಮೈಯಲ್ಲಿ ಎಲ್ಲಾದ್ರೂ ಊತ ಬಂತು, ಅಲರ್ಜಿ ಎದ್ದಿತು ಅಂದ್ರೆ ಆ ಜಾಗ ಒಂದು ಕೂಗು ಹಾಕುತ್ತೆ. ರಕ್ತದ ಬಿಳಿ ಕಣಗಳು ಕೂಗು ಬಂದ ಕಡೆ ತೆವಳ್ಕೊಂಡು ಹೋಗಿ ಮುತ್ತಿಕೊಳ್ತವೆ. ಆ ಕೂಗೇ ಇದು. ನಿನ್ನ ಮಗಳ ಎದೇಲಿ ಪೀಪಿ ಊದೋರನ್ನ ಕರೆಸೋದೂ ಇಂಥದ್ದೇ.”

“ಅಯ್ಯೋ! ಇದನ್ನ ಬೇರೆ ಕೂತು ತಯಾರಿಸ್ತೀರಾ?”

“ಮತ್ತೆ? ಔಷಧ ಹುಡುಕೋರು ಕೂಗು ಹಾಕಬೇಕು, ಔಷಧ ಹಾಕಬೇಕು, ಕಣಗಳು ನಿಲ್ತವಾ ಅಂತ ನೋಡಬೇಕು. ಕಳ್ಳನೇ ಇಲ್ಲದೆ ಬೀಗ ಗಟ್ಟಿ ಇದೆಯಾ ಅಂತ ಹೇಗೆ ನೋಡ್ತೀಯ?”

ಮನುಷ್ಯನ ಆ ಕೂಗನ್ನು ಮಾಡಿಕೊಡುವವು ಬ್ಯಾಕ್ಟೀರಿಯಾಗಳು. ಮನುಷ್ಯನ ಜೀನನ್ನು ಅವುಗಳ ಹೊಟ್ಟೆಗೆ ಸೇರಿಸಿ ಬೆಳೆಸುತ್ತಾರೆ. ಬೆಳೆದವನ್ನು ಒಡೆದು, ಪ್ರೋಟೀನನ್ನು ಬಿಡಿಸಿ, ಸೋಸಿ, ತೊಳೆದು, ಒಣಗಿಸಿ ಸೀಸೆಗೆ ತುಂಬುವುದು ದೊಡ್ಡಮ್ಮನ ಕೆಲಸ. ಅವರ ಭಾಷೆಯಲ್ಲಿ ಆ ಪ್ರೋಟೀನು ಅರವತ್ತೆಂಟು ಮಣಿಗಳ ಸರ, ಒಂದೊಂದು ಮಣಿಯೂ ಒಂದು ಅಮೈನೊ ಆಮ್ಲ. ಬ್ಯಾಕ್ಟೀರಿಯಾಗಳಿಗೆ ಒಂದು ಚಾಳಿಯಿದೆ: ಯಾರ ಸರ ಪೋಣಿಸಿದರೂ ತಮ್ಮದೊಂದು ಮಣಿಯನ್ನು ತುದಿಗೆ ಹಾಕಿಯೇ ಶುರುಮಾಡುತ್ತವೆ. ಆ ಅರವತ್ತೊಂಬತ್ತನೆಯ ಮಣಿಯನ್ನು ಕಿಣ್ವ ಹಾಕಿ ಕತ್ತರಿಸಬೇಕು.

“ಕತ್ತರಿಸದಿದ್ರೆ?” ಎಂದು ಅವಳು ಸುಮ್ಮನೆ ಕೇಳಿದ್ದಳು.

“ಕೂಗು ಮೂಗಿಯಾಗುತ್ತೆ. ತಾನೂ ಕರೆಯಲ್ಲ, ಬೇರೆ ಕೂಗು ಬಂದ್ರೂ ಒಳಗೆ ಬಿಡಲ್ಲ. ಕಣದ ಬಾಗಿಲಿಗೆ ಅಡ್ಡ ಕೂತುಬಿಡುತ್ತೆ, ದಢೂತಿ ನೆಂಟನ ಥರ.”

ಇಬ್ಬರೂ ನಕ್ಕಿದ್ದರು.

ಗೋಡೆಯ ಮೇಲೆ ಹೆಸರುಗಳ ಪಟ್ಟಿಯೊಂದು ತೂಗುತ್ತಿತ್ತು. ಪ್ರತಿ ಬ್ಯಾಚ್ ಹೊರಗೆ ಹೋಗುವ ಮುನ್ನ ಕಣಗಳು ತೆವಳುತ್ತವೆಯೇ ಎಂದು ಪರೀಕ್ಷೆ ಮಾಡಬೇಕು, ಅದಕ್ಕೆ ಆಗತಾನೇ ತೆಗೆದ ರಕ್ತ ಬೇಕು. ಅಲ್ಲಿ ಕೆಲಸ ಮಾಡುವವರೇ ಸರದಿಯ ಪ್ರಕಾರ ತೋಳು ಚಾಚುತ್ತಿದ್ದರು, ಗೇಟಿನ ಕಾವಲುಗಾರನಿಂದ ಹಿಡಿದು ಲ್ಯಾಬಿನ ಯಜಮಾನರವರೆಗೆ. “ಒಂದೇ ಕುಟುಂಬ ಅನ್ನೋದು ನಮ್ಮಲ್ಲಿ ಬಾಯಿಮಾತಲ್ಲ” ಎಂದಿದ್ದರು ದೊಡ್ಡಮ್ಮ.

ಎಲ್ಲ ಬದಲಾದದ್ದು ಮೂರು ವಾರಗಳ ಹಿಂದೆ. ಅಂದು ಚೋಟುವಿನ ಅಮ್ಮ ಆಸ್ಪತ್ರೆಯಿಂದ ಒಂದು ಕಾಗದ ಹಿಡಿದು ಬಂದವಳು, ಮೆಟ್ಟಿಲು ಹತ್ತದೆ ನೇರ ಕೆಳಮನೆಯ ಬಾಗಿಲು ತಟ್ಟಿದಳು. ಸಂತೋಷಕ್ಕೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಅಲರ್ಜಿಯಿಂದ ಉಬ್ಬಸ ಬರುವ ಹನ್ನೆರಡು ಮಕ್ಕಳಿಗೆ ಆಸ್ಪತ್ರೆಯಲ್ಲಿ ಹೊಸ ಸಿರಪ್ ಕೊಟ್ಟು ನೋಡುತ್ತಾರಂತೆ. ಹನ್ನೆರಡರಲ್ಲಿ ಚೋಟುವೂ ಒಬ್ಬಳು. ಮೊದಲ ಡೋಸಿಗೆ ಒಂದು ವಾರವಿರುವಾಗ ಇನ್‌ಹೇಲರ್ ಅರ್ಧಕ್ಕಿಳಿಸಬೇಕು, ಡೋಸ್ ಶುರುವಾದ ಸೋಮವಾರದಿಂದ ಪೂರ್ತಿ ನಿಲ್ಲಿಸಬೇಕು.

“ಸಹಿ ಹಾಕಿದೆಯಾ?” ಎಂದರು ದೊಡ್ಡಮ್ಮ.

“ಹಾಕಿಬಂದೆ. ಇಲ್ಲಿ ನೋಡಿ ಅಕ್ಕಾ, ನಿಮ್ಮದೇ ವಿಷಯ. ‘ಪ್ರಯೋಗಾಲಯದಲ್ಲಿ ಈ ಔಷಧವು ಕಣಗಳ ಚಲನೆಯನ್ನು ಪೂರ್ತಿಯಾಗಿ ತಡೆದಿದೆ.’ ನಿಮ್ಮ ಲ್ಯಾಬಿಂದ ಈ ಆಸ್ಪತ್ರೆಗೂ ಸೀಸೆ ಹೋಗುತ್ತೆ ಅಂದಿದ್ರಲ್ಲ?”

ದೊಡ್ಡಮ್ಮ ಆ ಸಾಲಿನ ಮೇಲೆ ಬೆರಳಿಟ್ಟು ಎರಡು ಸಲ ಓದಿದರು.

“ಪೂರ್ತಿ ಅಂತ ಬರೆದಿದ್ದಾರೆ.”

“ಹೂಂ, ಪೂರ್ತಿ! ಅದಕ್ಕೇ ಅಲ್ವಾ ನಾನು ಕುಣೀತಿರೋದು.”

“ಯಾವ ಔಷಧವೂ ಪೂರ್ತಿ ತಡೆದದ್ದನ್ನ ನಾನು ನೋಡಿಲ್ಲ” ಎಂದರು ಅವರು, ಅವಳಿಗಲ್ಲ, ಕಾಗದಕ್ಕೆ ಹೇಳುವವರಂತೆ. ಆ ಪರೀಕ್ಷೆ ಯಾವ ತಿಂಗಳು ನಡೆಯಿತೆಂದು ಹುಡುಕಿ ನೋಡಿದರು. ಒಲೆಯ ಮೇಲಿಟ್ಟ ಚಹಾ ಉಕ್ಕಿ ಒಲೆಯೆಲ್ಲ ಹರಿಯಿತು. ಅವರಿಗೆ ಗೊತ್ತಾಗಲಿಲ್ಲ.

ಅಂದಿನಿಂದ ಅವರ ನಗು ನಿಂತಿತು. ಮಣಿಕಟ್ಟಿನಲ್ಲಿ ಕೆಂಪು ದದ್ದು ಎದ್ದಿತು. ಎರಡನೆಯ ವಾರಕ್ಕೆ ಅದು ಮೊಣಕೈ ತಲುಪಿತು, ಮೂರನೆಯ ವಾರಕ್ಕೆ ಸ್ವೆಟರಿನ ಕೊರಳು ದಾಟಿ ಕಿವಿಯ ಹಿಂದೆ ಹತ್ತಿತು. ತುರಿಸಿ ತುರಿಸಿ ಉಗುರಿನ ಗೀರು. ಹಳೆಯ ಚರ್ಮದ ಕಾಯಿಲೆ ಎಂದು ಚೋಟುವಿನ ಅಮ್ಮನಿಗೆ ಗೊತ್ತಿತ್ತು, ಮಾತ್ರೆಯಿಂದ ಹತೋಟಿಯಲ್ಲಿದ್ದದ್ದೂ ಗೊತ್ತಿತ್ತು.

“ಮಾತ್ರೆ ಮುಗಿದಿದೆಯಾ ಅಕ್ಕಾ? ತಂದುಕೊಡ್ಲಾ?”

“ಬಿಟ್ಟಿದ್ದೀನಿ. ಡಾಕ್ಟರ್ ಹತ್ರ ಕೇಳಿಕೊಂಡೇ ಸ್ವಲ್ಪ ಸ್ವಲ್ಪ ಇಳಿಸಿದೆ.”

“ಯಾಕೆ?”

“ರಕ್ತ ತಿಳಿಯಾಗಲಿ ಅಂತ.”

ಇಂಥ ಉತ್ತರ ಕೇಳಿದ ಮೇಲೆ ಇನ್ನೇನು ಕೇಳುವುದು? ಅವಳು ಮೇಲೆ ಬಂದು ಗಂಡನಿಗೆ ಹೇಳಿದಳು. ಅವನು ಪತ್ರಿಕೆಯಿಂದ ತಲೆಯೆತ್ತದೆ, “ಇಪ್ಪತ್ತೊಂಬತ್ತು ವರ್ಷ ಫ್ರಿಜ್ಜಲ್ಲಿಟ್ಟರೆ ಸೊಪ್ಪೇ ಸರಿಯಿರಲ್ಲ, ಇನ್ನು ಮನುಷ್ಯರು” ಎಂದ. ಅವಳಿಗೆ ನಗು ಬಂತು. ನಕ್ಕ ಮೇಲೆ ಯಾಕಾದರೂ ನಕ್ಕೆನೋ ಎನ್ನಿಸಿತು.

ಮಂಗಳವಾರ ಮಗು ಪ್ರಶ್ನೆ ಕೇಳಿದ ಮೇಲೆ ಅವಳಿಗೆ ಭಯ ಹತ್ತಿತು. ಬುಧವಾರ ಅವಳು ಮಗುವಿನ ಕೈ ಹಿಡಿದು ಕೆಳಮನೆಯ ಬಾಗಿಲು ದಾಟುವವರೆಗೆ ಸರಸರ ನಡೆದಳು. ಆದರೂ ಮೆಟ್ಟಿಲ ತಿರುವಿನಲ್ಲಿ ಬಗ್ಗಿ ನೋಡಿದರೆ, ಅರ್ಧ ತೆರೆದ ಬಾಗಿಲಲ್ಲಿ ದೊಡ್ಡಮ್ಮ. ಕಣ್ಣು ಗಡಿಯಾರದ ಮೇಲೆ, ಕಿವಿ ಮೆಟ್ಟಿಲ ಮೇಲೆ. ಗುರುವಾರ ಚೋಟು ಅರ್ಧ ಮೆಟ್ಟಿಲಲ್ಲೇ ಕೂತುಬಿಟ್ಟಳು. ಅಂಗಿಯ ಕೆಳಗೆ ಪಕ್ಕೆಲುಬು ಒಳಕ್ಕೆ ಸೆಳೆದು ಸೆಳೆದು ಬಿಡುತ್ತಿತ್ತು. ಸೋಮವಾರದಿಂದ ಇನ್‌ಹೇಲರ್ ಅರ್ಧಕ್ಕಿಳಿದಿತ್ತು.

“ಇಪ್ಪತ್ತೊಂಬತ್ತು” ಎಂದಿತು ಕೆಳಗಿನಿಂದ ಒಂದು ದನಿ. “ಇನ್‌ಹೇಲರ್ ಕಮ್ಮಿ ಮಾಡಿದ್ದೀಯಾ?”

ಅವಳಿಗೆ ರೇಗಿಹೋಯಿತು. “ಡಾಕ್ಟರ್ ಹೇಳಿದ ಹಾಗೆ ಮಾಡಿದ್ದೀನಿ. ನಿಮ್ಮ ಕೈ ಮುಗೀತೀನಿ ಅಕ್ಕಾ, ನನ್ನ ಮಗು ಮುಂದೆ ಹೀಗೆ ಯಮನ ಗುಮಾಸ್ತನ ಥರ ಲೆಕ್ಕ ಬರೀಬೇಡಿ.”

ಕೆಳಗಿನ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ದಢಾರನೆ ಮುಚ್ಚಿದ್ದರೂ ಅಷ್ಟು ಚುಚ್ಚುತ್ತಿರಲಿಲ್ಲ.

ಶುಕ್ರವಾರ ದೊಡ್ಡಮ್ಮ ಕಾಣಿಸಲಿಲ್ಲ. ಶನಿವಾರ ಮಧ್ಯಾಹ್ನ, ಗಂಡ ಹೊರಗೆ ಹೋಗಿದ್ದಾಗ, ಮಂಡಿನೋವಿನಿಂದ ಎಂದೂ ಮೇಲೆ ಹತ್ತದ ಅವರು ಗೋಡೆ ಹಿಡಿದುಕೊಂಡು ಹತ್ತಿ ಬಂದರು. ದದ್ದು ಗಲ್ಲಕ್ಕೂ ಹಬ್ಬಿತ್ತು. ಎಡಗೈಯ ಮಡಿಕೆಯಲ್ಲಿ ಹತ್ತಿ ಇಟ್ಟು ಅಂಟಿಸಿದ ಪಟ್ಟಿ. ಚೋಟು ಊಟಮಾಡಿ ಒಳಕೋಣೆಯಲ್ಲಿ ಮಲಗಿದ್ದಳು. ಅವಳ ಎದೆಯ ಸಣ್ಣ ಸಿಳ್ಳು ಇಲ್ಲಿಗೂ ಕೇಳುತ್ತಿತ್ತು. ದೊಡ್ಡಮ್ಮ ಕೂರುವ ಮೊದಲು ಅದನ್ನೇ ಒಂದು ನಿಮಿಷ ಕೇಳಿಸಿಕೊಂಡರು. ಎಣಿಸಿದರೋ ಏನೋ, ಈ ಸಲ ಹೇಳಲಿಲ್ಲ.

“ಬೈಯೋದಿದ್ರೆ ಆಮೇಲೆ ಬೈ. ಮೊದಲು ಕೇಳು. ಐದು ತಿಂಗಳ ಹಿಂದೆ ಬ್ಯಾಚ್ ನಲವತ್ತೊಂದು ಹೊರಡೋದಿತ್ತು. ರಕ್ತದ ಸರದಿ ನನ್ನದು. ಕೊಟ್ಟೆ. ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಒಂದು ಕಣವೂ ಅಲ್ಲಾಡಿಲ್ಲ. ಆಗ ನಾನು ಈ ಚರ್ಮದ ಕಾಟಕ್ಕೆ ಸ್ಟೀರಾಯ್ಡ್ ಮಾತ್ರೆ ನುಂಗ್ತಿದ್ದೆ. ಅದು ಕಣಗಳನ್ನ ಮಂಕು ಮಾಡುತ್ತೆ ಅಂತ ಗೊತ್ತು. ಸರಕು ಸರಿಯಿದೆ, ನನ್ನ ರಕ್ತಕ್ಕೇ ಸೋಮಾರಿತನ ಅಂದ್ಕೊಂಡೆ.”

“ಅಂದ್ಕೊಂಡು?”

“ಇನ್ನೊಬ್ಬರ ರಕ್ತದಲ್ಲಿ ಮತ್ತೊಮ್ಮೆ ಮಾಡಬೇಕಿತ್ತು. ಕೆಳಗೆ ವ್ಯಾನಿನವನು ಹಾರ್ನ್ ಹೊಡೀತಿದ್ದ. ನನ್ನ ಕೈಯಿಂದ ಇಷ್ಟು ವರ್ಷ ಒಂದು ಕೆಟ್ಟ ಸೀಸೆ ಹೋಗಿಲ್ಲ ಅನ್ನೋ ಕೊಬ್ಬು ಬೇರೆ. ಪ್ರೋಟೀನಿನ ಗಾತ್ರ ನೋಡೋ ಜೆಲ್‌ನಲ್ಲಿ ಗೆರೆ ಸರಿಯಾದ ಜಾಗದಲ್ಲೇ ಇತ್ತು. ಸಹಿ ಹಾಕಿ ಕಳಿಸಿಬಿಟ್ಟೆ. ಅರವತ್ತೆಂಟು ಮಣಿಗೂ ಅರವತ್ತೊಂಬತ್ತಕ್ಕೂ ಜೆಲ್‌ನಲ್ಲಿ ವ್ಯತ್ಯಾಸ ಕಾಣಲ್ಲ ಕಣೇ. ನನಗೆ ಗೊತ್ತಿಲ್ಲದ ಮಾತೇನಲ್ಲ ಅದು.”

ಚೋಟುವಿನ ಅಮ್ಮನಿಗೆ ಅರ್ಥವಾಗುತ್ತಿತ್ತು, ಅರ್ಥವಾಗದಿದ್ದರೆ ಚೆನ್ನಾಗಿತ್ತು ಎನ್ನಿಸುತ್ತಿತ್ತು. “ಆ ಮಣಿ ಉಳಿದುಬಿಟ್ಟಿತ್ತಾ?”

“ಕಿಣ್ವ ಹಳತಾಗಿತ್ತು. ಪ್ರತಿ ಬ್ಯಾಚಿಂದ ನಾಲ್ಕು ಸೀಸೆ ನಾವು ಎತ್ತಿಡ್ತೀವಿ. ನಿನ್ನ ಕಾಗದ ನೋಡಿದ ದಿನದಿಂದ ಅದನ್ನ ಪರೀಕ್ಷೆ ಮಾಡೋಣ ಅಂತ ಒದ್ದಾಡಿದೆ. ಮುಗಿದ ಬ್ಯಾಚಿಗೆ ಯಾರೂ ರಕ್ತ ಕೊಡೋ ಹಾಗಿಲ್ಲ ಅಂತ ಯಜಮಾನರು ಪಟ್ಟಿಯನ್ನೇ ಗೋಡೆಯಿಂದ ತೆಗೆಸಿದ್ರು. ಉಳಿದದ್ದು ನನ್ನ ರಕ್ತ. ಅದರಿಂದ ಮಾತ್ರೆ ಹೋಗೋಕೆ ಇಷ್ಟು ದಿನ ಹಿಡೀತು. ನಿನ್ನೆ ಮಾಡಿದೆ. ನಲವತ್ತನೇ ಬ್ಯಾಚು ಇಟ್ಟರೆ ಕಣಗಳು ಸಕ್ಕರೆ ಕಂಡ ಇರುವೆ ಥರ ಹರಿದವು. ನಲವತ್ತೊಂದಕ್ಕೆ ಒಂದೂ ಇಲ್ಲ. ಎರಡನ್ನೂ ಬೆರೆಸಿಟ್ಟರೆ ಆಗಲೂ ಒಂದೂ ಇಲ್ಲ.”

ಒಳಗೆ ಮಗು ಮಗ್ಗುಲು ಬದಲಿಸಿತು. ಸಿಳ್ಳು ನಿಂತು, ಇಬ್ಬರೂ ಉಸಿರು ಬಿಗಿಹಿಡಿದಾಗ, ಮತ್ತೆ ಶುರುವಾಯಿತು.

“ಆಸ್ಪತ್ರೆಯೋರು ಮೊದಲು ಔಷಧ ಇಲ್ಲದೆ ನೋಡ್ತಾರೆ, ಕಣಗಳು ಓಡಬೇಕು” ಎಂದರು ದೊಡ್ಡಮ್ಮ. “ಆಮೇಲೆ ಔಷಧ ಹಾಕಿ ನೋಡ್ತಾರೆ, ನಿಲ್ಲಬೇಕು. ಮೊದಲನೇದಕ್ಕೆ ನಲವತ್ತರ ಸೀಸೆ, ಅದು ಮುಗಿದ ಮೇಲೆ ಎರಡನೇದಕ್ಕೆ ನಲವತ್ತೊಂದು ತೆರೆದಿದ್ರೆ, ನಿಲ್ಲಿಸಿದ್ದು ಔಷಧ ಅಲ್ಲ. ನನ್ನ ಸೀಸೆ.”

“ತೆರೆದಿದ್ರೆ ಅಂದ್ರೆ? ನಿಮಗೆ ಖಾತ್ರಿ ಇಲ್ವಾ?”

“ನಾನು ಕಳಿಸಿದ ತಾರೀಕೂ ಅವರು ಪರೀಕ್ಷೆ ಮಾಡಿದ ತಾರೀಕೂ ಹೊಂದುತ್ತೆ. ಯಾವತ್ತು ಯಾವ ಸೀಸೆ ತೆರೆದರು ಅನ್ನೋದು ಅವರ ಪುಸ್ತಕದಲ್ಲಿ ಮಾತ್ರ ಇರೋದು. ಆ ಸಿರಪ್ಪು ಬರೀ ಸಿಹಿನೀರಾಗಿರಬಹುದು, ನಿಜವಾದ ಔಷಧವೂ ಆಗಿರಬಹುದು. ಇನ್‌ಹೇಲರ್ ಮಾತ್ರ ಸೋಮವಾರದಿಂದ ಹನ್ನೆರಡು ಮಕ್ಕಳಿಗೂ ನಿಲ್ಲುತ್ತೆ. ಅರ್ಧ ಮಾಡಿದ್ದಕ್ಕೇ ನಿನ್ನ ಮಗು ಇಪ್ಪತ್ತೊಂಬತ್ತಕ್ಕೆ ಹತ್ತಿದೆ.”

ಅವಳ ಕೈ ಆಗಲೇ ಫೋನು ಹುಡುಕುತ್ತಿತ್ತು. ಮೇಜಿನ ಮೇಲಿಲ್ಲ, ಕಿಟಕಿಯ ಕಟ್ಟೆಯ ಮೇಲಿತ್ತು. “ಮೂರು ವಾರ! ಮೂರು ವಾರ ಇದನ್ನ ಹೊಟ್ಟೇಲಿಟ್ಕೊಂಡು ಮೆಟ್ಟಿಲಲ್ಲಿ ನಿಂತು ಎಣಿಸ್ತಿದ್ರಾ? ಬಾಯಿಬಿಟ್ಟು ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ?”

“ನಿನ್ನೆ ತನಕ ಅದು ಬರೀ ಅನುಮಾನ. ಅನುಮಾನದ ಮೇಲೆ ಒಳ್ಳೆ ಔಷಧವನ್ನೇ ನಿನ್ನ ಮಗುವಿಗೆ ತಪ್ಪಿಸಿದ್ರೆ? ಹಾಗಂತ ಸುಮ್ಮನಿದ್ದೆ. ಎಣಿಸೋದು ಬಿಟ್ಟು ಬೇರೇನು ಮಾಡಬೇಕೋ ತಿಳೀಲಿಲ್ಲ.” ಅವರು ಕೈಯ ದದ್ದನ್ನು ಸ್ವೆಟರಿನ ತೋಳಿನ ಮೇಲಿಂದಲೇ ಉಜ್ಜಿಕೊಂಡರು. “ಸುಮ್ಮನಿದ್ದದ್ದೂ ತಪ್ಪೇ. ಅದನ್ನೂ ನನ್ನ ತಲೆಗೇ ಹಾಕು.”

“ಈಗಲೇ ಫೋನ್ ಮಾಡಿ ಹೆಸರು ತೆಗೆಸ್ತೀನಿ. ನಿಮ್ಮ ಲ್ಯಾಬಿನ ಯಜಮಾನರಿಗೆ ಗೊತ್ತಾ ಇದು?”

“ನಿನ್ನೆ ಸಂಜೆ ಅವರ ಮೇಜಿನ ಮೇಲೆ ಫಲಿತಾಂಶ ಇಟ್ಟೆ. ಸೀಸೆ ಮೇಲೆ ‘ಸಂಶೋಧನೆಗೆ ಮಾತ್ರ’ ಅಂತ ಅಚ್ಚಾಗಿದೆ, ಆಸ್ಪತ್ರೆಯೋರು ಅದರಿಂದ ಏನು ಮಾಡ್ಕೊಂಡರೂ ನಮಗೆ ಸಂಬಂಧ ಇಲ್ಲ ಅಂದ್ರು. ಆಮೇಲೆ ನನ್ನ ಪಾಸು ಇಸ್ಕೊಂಡ್ರು. ಬೆಳಿಗ್ಗೆ ಆಸ್ಪತ್ರೆಗೇ ಹೋದೆ. ಮಾಲು ಕಳಿಸೋರ ಅಹವಾಲು ಕಂಪನಿ ಮೂಲಕ ಬರಲಿ ಅಂತ ಕೌಂಟರಿನೋಳು ನಾನು ಬರೆದ ಚೀಟಿ ಹಿಂದಕ್ಕೆ ಕೊಟ್ಟಳು. ಡಾಕ್ಟರು ಸೋಮವಾರಾನೇ ಬರೋದಂತೆ. ಡೋಸ್ ಕೊಡೋ ಕೋಣೆಗೆ ಪಟ್ಟಿಯಲ್ಲಿರೋ ಮಕ್ಕಳು, ಅವರ ಅಪ್ಪ ಅಮ್ಮ, ಇಷ್ಟು ಜನಕ್ಕೇ ಪ್ರವೇಶವಂತೆ.”

ಚೋಟುವಿನ ಅಮ್ಮ ಆಸ್ಪತ್ರೆಯ ನಂಬರು ತೆರೆದಳು. ಹೆಬ್ಬೆರಳು ಅದರ ಮೇಲೆ ಬರುವಷ್ಟರಲ್ಲಿ ದೊಡ್ಡಮ್ಮನ ಕೈ ಫೋನನ್ನು ಮುಚ್ಚಿತು. ದದ್ದೆದ್ದ ಕೈ, ಸ್ವೆಟರಿನ ತೋಳಿನಿಂದ ಆಗತಾನೇ ಹೊರಬಂದಿದ್ದರೂ ಮಂಜುಗಡ್ಡೆಯಷ್ಟು ತಣ್ಣಗೆ.

“ಇನ್‌ಹೇಲರ್ ಈ ಗಳಿಗೆಯಿಂದ ಪೂರ್ತಿ ಕೊಡು, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಆ ಸಿರಪ್ಪಿನ ಒಂದು ಹನಿಯೂ ಅವಳ ನಾಲಿಗೆಗೆ ತಾಗಬಾರದು. ನಿನ್ನ ಮಗಳು ಉಳೀತಾಳೆ. ನೀನು ಈಗ ಹೆಸರು ತೆಗೆಸಿದ್ರೆ ಅವರು ಒಂದು ಗೆರೆ ಎಳೆದು ಹದಿಮೂರನೇ ಮಗೂನ ಕರೀತಾರೆ, ಅಷ್ಟೇ. ನೀನೂ ನನ್ನ ಹಾಗೆ ಗೇಟಿನ ಹೊರಗೆ ನಿಲ್ತೀಯ.”

“ಮತ್ತೆ ಏನು ಮಾಡು ಅಂತೀರಿ?”

“ಒಂದು ಉಪಕಾರ ಮಾಡು ತಾಯಿ. ಹೆಸರು ಸೋಮವಾರದ ತನಕ ಪಟ್ಟಿಯಲ್ಲಿರಲಿ. ಚೋಟೂನ ಕರ್ಕೊಂಡೇ ಹೋಗು, ಇಲ್ಲಾಂದ್ರೆ ಒಳಗೆ ಬಿಡಲ್ಲ. ಹನ್ನೆರಡು ಮಕ್ಕಳ ಅಪ್ಪ ಅಮ್ಮಂದಿರು ಕೂತಿರ್ತಾರಲ್ಲ, ಅವರೆಲ್ಲರ ಎದುರಿಗೆ, ಬಾಟ್ಲಿ ಮುಚ್ಚಳ ತೆಗೆಯೋಕೆ ಮುಂಚೆ ಎದ್ದು ನಿಂತು ಒಂದೇ ಒಂದು ಪ್ರಶ್ನೆ ಕೇಳು. ಔಷಧ ಇಲ್ಲದೆ ನೋಡಿದ್ದು ಯಾವ ಬ್ಯಾಚಲ್ಲಿ, ಔಷಧ ಹಾಕಿ ನೋಡಿದ್ದು ಯಾವ ಬ್ಯಾಚಲ್ಲಿ ಅಂತ. ಪುಸ್ತಕ ತರಿಸಿ ಓದೋ ತನಕ ಕೂತ್ಕೋಬೇಡ. ಕೇಳ್ತೀಯಾ?”